ಚಿಪ್ಸ್ ಪ್ಯಾಕೆಟ್ ಹೊಡೆಯುವ ಮಷೀನ್‌ನಲ್ಲಿ ಸೋಲಾರ್ ಸೆಲ್ ಪ್ರಿಂಟ್ ಆಗುತ್ತಾ?

ಪೀಣ್ಯ_ಗ್ರೇವಿಯರ್

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದಲ್ಲಿ ಪ್ಯಾಕೇಜಿಂಗ್ ಪ್ರಿಂಟಿಂಗ್ ಲೈನ್ ನೋಡಿಕೊಳ್ಳುತ್ತೇನೆ. ಚಿಪ್ಸ್, ಶಾಂಪೂ ಸ್ಯಾಶೆ, ಕಾಫಿಪುಡಿ ಕವರ್, ಇಂಥವು. ಎಂಟು ಕಲರ್ ರೋಟೋಗ್ರೇವಿಯರ್ (ಗುಳಿ ಕೆತ್ತಿದ ಸಿಲಿಂಡರ್‌ನಿಂದ ಹೊಡೆಯುವ ಮಷೀನ್), ನಿಮಿಷಕ್ಕೆ 200 ಮೀಟರ್ ಆರಾಮಾಗಿ ಓಡುತ್ತೆ.

ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರ ಬಗ್ಗೆ ಓದಿದೆ. ಮೊದಲು ವೈನ್ ಬಾಟಲಿ ಲೇಬಲ್ ಹೊಡೆಯುತ್ತಿದ್ದ ಪ್ರಿಂಟರ್‌ನಲ್ಲೇ ಅವರು ಆರ್ಗಾನಿಕ್ (ಅಂದ್ರೆ ಸಿಲಿಕಾನ್ ಬದಲು ಪ್ಲಾಸ್ಟಿಕ್ ಥರದ ಇಂಗಾಲದ ವಸ್ತುವಿನ) ಸೋಲಾರ್ ಪ್ಯಾನೆಲ್ ಪ್ರಿಂಟ್ ಮಾಡುತ್ತಾರೆ. 2022ರಲ್ಲಿ ಅಂಥ 18 ಹಾಳೆ, ಒಂದೊಂದೂ 18 ಮೀಟರ್ ಉದ್ದ, ಸುತ್ತಿಕೊಂಡು ಹೋಗಿ ದಾರಿಯಲ್ಲಿ ಹಾಸಿ ಟೆಸ್ಲಾ ಕಾರಿಗೆ ಚಾರ್ಜ್ ಮಾಡಿಕೊಳ್ಳುತ್ತಾ ದೇಶ ಸುತ್ತುವ ಯೋಜನೆ ಹಾಕಿದ್ದರು.

ನನ್ನ ಪ್ರಶ್ನೆ ಇಷ್ಟೇ. ಅವರದ್ದೂ ಪಿಇಟಿ ಫಿಲ್ಮ್, ನಮ್ಮದೂ ಪಿಇಟಿ ಫಿಲ್ಮ್. ಅನ್‌ವೈಂಡರ್, ಟೆನ್ಷನ್ ಕಂಟ್ರೋಲ್, ಡ್ರೈಯರ್, ರಿವೈಂಡರ್ ಎಲ್ಲಾ ನಮ್ಮ ಹತ್ತಿರವೂ ಇದೆ. ಇಂಕು ತಂದು ಸುರಿದರೆ ಸೆಲ್ ಬರಲ್ವಾ? ಬರಲ್ಲ ಅಂದ್ರೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ? ಗೊತ್ತಿದ್ದವರು ಹೇಳಿ.

ರೂಫ್‌ಟಾಪ್_ತುಮಕೂರು

ಸರ್, ಸುಮ್ನೆ ಯಾಕೆ ತಲೆನೋವು? ಇವತ್ತು ಅಂಗಡಿಯಲ್ಲಿ ಸಿಗೋ ಸಿಲಿಕಾನ್ ಪ್ಯಾನೆಲ್ ಬಿದ್ದ ಬೆಳಕಿನಲ್ಲಿ ಶೇ. 20ಕ್ಕಿಂತ ಜಾಸ್ತಿ ಕರೆಂಟಾಗಿ ಕೊಡುತ್ತೆ, 25 ವರ್ಷ ವಾರಂಟಿ. ನಮ್ಮ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ನಿಂತಿದೆ, ಎಲ್ಲಾ ಗಾಜಿನ ಪ್ಯಾನೆಲ್. ಪ್ಲಾಸ್ಟಿಕ್ ಹಾಳೆ ಅಲ್ಲಿ ಒಂದು ಬೇಸಿಗೆ ತಡೆಯುತ್ತಾ?

ತೆಳುಪದರ

ತುಮಕೂರು ಸರ್, ಪಾವಗಡಕ್ಕೆ ಇದನ್ನು ತರಬೇಕು ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಪೀಣ್ಯದವರ ಪ್ರಶ್ನೆ, ಯಾಕಂದ್ರೆ ಅದು ಒಳ್ಳೆ ಪ್ರಶ್ನೆ. ನಾನು ಈ ಸೆಲ್‌ಗಳ ಮೇಲೆ ಪಿಎಚ್‌ಡಿ ಮಾಡಿ, ಈಗ ಕೋಟಿಂಗ್ ಕೆಲಸದಲ್ಲೇ ಇದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಿಮ್ಮ ಇಂಕು ಒಣಗಿದ ಮೇಲೆ ಎಷ್ಟು ದಪ್ಪ ಇರುತ್ತೆ? ಒಂದೆರಡು ಮೈಕ್ರಾನ್ ಅಲ್ವಾ? ನಮಗೆ ಬೇಕಾದ ಪದರ 0.1 ಮೈಕ್ರಾನ್. ಅಂದ್ರೆ 100 ನ್ಯಾನೋಮೀಟರ್. ನಿಮ್ಮ ಪದರದಲ್ಲಿ ಹತ್ತರಲ್ಲಿ ಒಂದು ಭಾಗ, ಅಥವಾ ಅದಕ್ಕೂ ಕಮ್ಮಿ. ಅದೂ ಒಂದೇ ಪದರ ಅಲ್ಲ, ಐದಾರು. ಕೆಳಗೆ ಬೆಳಕು ಬಿಡುವ ಎಲೆಕ್ಟ್ರೋಡ್. ಅದರ ಮೇಲೆ ಎಲೆಕ್ಟ್ರಾನ್ ದಾಟಿಸುವ ಜಿಂಕ್ ಆಕ್ಸೈಡ್. ಆಮೇಲೆ ಬೆಳಕು ಹೀರುವ ಮುಖ್ಯ ಪದರ. ಅದರ ಮೇಲೆ ಪೆಡಾಟ್ ಅನ್ನುವ ವಿದ್ಯುತ್ ಹರಿಸುವ ಪಾಲಿಮರ್. ಕೊನೆಗೆ ಬೆಳ್ಳಿ.

ಚಿಪ್ಸ್ ಪ್ಯಾಕೆಟ್ ಮೇಲೆ ಒಂದು ಪಿನ್‌ಹೋಲ್ ಬಿದ್ದರೆ ಯಾರಿಗೂ ಕಾಣಲ್ಲ. ಇಲ್ಲಿ ಆ ತೂತಿನಲ್ಲಿ ಮೇಲಿನ ಬೆಳ್ಳಿ ಕೆಳಗಿನ ಎಲೆಕ್ಟ್ರೋಡನ್ನು ಮುಟ್ಟುತ್ತೆ. ಸೆಲ್ ಶಾರ್ಟ್. ಒಂದು ಮೈಕ್ರಾನ್ ಧೂಳಿನ ಕಣ ಅಂದ್ರೆ ನಮ್ಮ ಪದರದ ಹತ್ತು ಪಟ್ಟು ಎತ್ತರ.

ಗ್ರೇವಿಯರ್‌ನಲ್ಲಿ ಸಿಲಿಂಡರ್ ಮೇಲಿನ ಒಂದೊಂದು ಗುಳಿಯಿಂದ ಇಂಕು ಫಿಲ್ಮ್‌ಗೆ ಇಳಿಯುತ್ತೆ. ಆ ಚುಕ್ಕಿಗಳೆಲ್ಲಾ ಹರಡಿ, ಒಂದಕ್ಕೊಂದು ಸೇರಿ, ಒಂದೇ ಪದರ ಆಗಬೇಕು. ನಿಮ್ಮ ಇಂಕಿಗೆ ಆ ಗುಣ ಬರೋ ಹಾಗೆ ರೆಸಿನ್ನು, ಅಡಿಟಿವ್ ಎಲ್ಲಾ ಹಾಕಿರುತ್ತಾರೆ. ನಮ್ಮ ಇಂಕಿಗೆ ಏನೂ ಬೆರೆಸುವ ಹಾಗಿಲ್ಲ. ಬೆರೆಸಿದ್ದು ಒಳಗೇ ಉಳಿದು ಕರೆಂಟಿಗೆ ಅಡ್ಡ ನಿಲ್ಲುತ್ತೆ. ಇಂಕು ಎಷ್ಟು ಗಟ್ಟಿ ಅಂತ ಸೆಕೆಂಡಿನಲ್ಲಿ ಅಳೆಯುವ ನಿಮ್ಮ ಬಿ4 ಕಪ್‌ಗೆ ಹಾಕಿದರೆ ಹೆಚ್ಚುಕಮ್ಮಿ ನೀರೇ. ಸೆಕೆಂಡು ಎಣಿಸಿ ಪ್ರಯೋಜನ ಇಲ್ಲ.

ಪೀಣ್ಯ_ಗ್ರೇವಿಯರ್

ಮೇಡಂ, ಅರ್ಥ ಆಯ್ತು. ವಿಸ್ಕಾಸಿಟಿ ಇಲ್ಲದ ಇಂಕು ಅಂದ್ರೆ ಸಿಲಿಂಡರ್ ಮೇಲಿನ ಹೆಚ್ಚು ಇಂಕು ಕೆರೆಯುವ ಡಾಕ್ಟರ್ ಬ್ಲೇಡ್ ಕೆಳಗೆ ನುಸುಳುತ್ತೆ, ಅದು ನಮಗೂ ದಿನದ ರಗಳೆ. ಹಾಗಾದ್ರೆ ಅವರು ಯಾವುದರಲ್ಲಿ ಹೊಡೆಯುತ್ತಾರೆ?

ತೆಳುಪದರ

ಮುಖ್ಯ ಪದರಕ್ಕೆ ಹೆಚ್ಚಿನ ಕಡೆ ಸ್ಲಾಟ್-ಡೈ. ಅದು ಪ್ರಿಂಟಿಂಗ್‌ಗಿಂತ ಕೋಟಿಂಗ್ ಅಂದ್ರೆ ಸರಿ. ಎರಡು ಸ್ಟೀಲ್ ದವಡೆ, ನಡುವೆ ತೆಳು ತಗಡಿನ ಶಿಮ್, ಅದರ ಸಂದಿಯಿಂದ ಇಂಕು ಬರುತ್ತೆ. ಡೈ ಫಿಲ್ಮನ್ನು ಮುಟ್ಟಲ್ಲ. ನಡುವೆ ಇಂಕಿನದೇ ಒಂದು ಸೇತುವೆ ನಿಂತಿರುತ್ತೆ, ಕೆಳಗೆ ಫಿಲ್ಮ್ ಓಡುತ್ತೆ. ಪಂಪ್ ಎಷ್ಟು ತಳ್ಳುತ್ತೋ ಅಷ್ಟೂ ಫಿಲ್ಮ್ ಮೇಲೆ. ಹೆಚ್ಚಾಗಿದ್ದನ್ನು ಕೆರೆದು ತೆಗೆಯೋ ಕೆಲಸವೇ ಇಲ್ಲ.

ಲೆಕ್ಕ ನೋಡಿ. ಪಟ್ಟಿಯ ಅಗಲ 10 ಸೆಂ.ಮೀ., ವೇಗ ನಿಮಿಷಕ್ಕೆ 1 ಮೀಟರ್, ಪಂಪ್ ನಿಮಿಷಕ್ಕೆ 1 ಮಿ.ಲೀ. ನಿಮಿಷಕ್ಕೆ 1,000 ಚದರ ಸೆಂ.ಮೀ. ಮೇಲೆ 1 ಘನ ಸೆಂ.ಮೀ. ಇಂಕು. ಹಸಿ ಪದರ 10 ಮೈಕ್ರಾನ್. ಇಂಕಿನಲ್ಲಿ ಮಿ.ಲೀ.ಗೆ 20 ಮಿಲಿಗ್ರಾಂ ವಸ್ತು ಇದ್ದು, ಅದರ ಸಾಂದ್ರತೆ 1.2 ಅಂತ ಹಿಡಿದರೆ, ಒಣಗಿದ ಮೇಲೆ ಸುಮಾರು 167 ನ್ಯಾನೋಮೀಟರ್. 100 ಬೇಕಾ? ಪಂಪ್ 0.6ಕ್ಕೆ ಇಳಿಸಿ. ಗ್ರೇವಿಯರ್‌ನಲ್ಲಿ ಇದಕ್ಕೇ ಹೊಸ ಸಿಲಿಂಡರ್ ಕೆತ್ತಿಸಬೇಕಾಗುತ್ತೆ. ಒಂದು ಸಿಲಿಂಡರ್‌ಗೆ ಎಷ್ಟು ಬೀಳುತ್ತೆ ಅಂತ ನಿಮಗೇ ಚೆನ್ನಾಗಿ ಗೊತ್ತು.

ಆದ್ರೆ ಇಳಿಸೋಕೂ ಒಂದು ಮಿತಿ ಇದೆ. ಪಂಪ್ ತೀರಾ ಕಮ್ಮಿ ಮಾಡಿ ವೇಗ ಏರಿಸಿದರೆ ಆ ಇಂಕಿನ ಸೇತುವೆ ಹರಿದುಹೋಗುತ್ತೆ. ಪಟ್ಟಿಪಟ್ಟಿಯಾಗಿ ಗೆರೆ ಬೀಳುತ್ತೆ, ಗಾಳಿ ಸೇರಿಕೊಳ್ಳುತ್ತೆ. ಅದಕ್ಕೇ ನಿಮ್ಮ 200 ಮೀಟರ್ ವೇಗ ಇಲ್ಲಿ ಕೇಳಬೇಡಿ. ಲ್ಯಾಬ್‌ಗಳಲ್ಲಿ ನಿಮಿಷಕ್ಕೆ ಒಂದರಿಂದ ಹತ್ತು ಮೀಟರ್ ಓಡಿಸುತ್ತಾರೆ.

ಪಿಯುಸಿ_ಮೇಷ್ಟ್ರು

ಒಂದು ಸಣ್ಣ ಅನುಮಾನ ಮೇಡಂ. ಪೇಪರ್‌ನಲ್ಲಿ ಆರ್ಗಾನಿಕ್ ಸೆಲ್ ಶೇ. 19, 20 ಮುಟ್ಟಿತು ಅಂತ ಬರುತ್ತೆ. ಪ್ರಿಂಟ್ ಮಾಡಿದ್ದು ಯಾಕೆ ಅಷ್ಟು ಕೊಡಲ್ಲ?

ತೆಳುಪದರ

ಮೇಷ್ಟ್ರೇ, ಆ 19, 20 ಅನ್ನೋದು ಬಹುಪಾಲು ಬೆರಳುಗುರಿನಷ್ಟೂ ಇಲ್ಲದ ಸೆಲ್. ಗಾಜಿನ ಮೇಲೆ ಒಂದು ತೊಟ್ಟು ಇಂಕು ಹಾಕಿ ಗಿರಗಿರ ತಿರುಗಿಸಿ ಮಾಡುತ್ತಾರೆ. ಸ್ಪಿನ್ ಕೋಟಿಂಗ್. ಶೇ. 90ಕ್ಕಿಂತ ಜಾಸ್ತಿ ಇಂಕು ಸಿಡಿದು ಗೋಡೆಗೆ ಹೋಗುತ್ತೆ. ಇಂಕಿನ ವಸ್ತು ಗ್ರಾಂ ಲೆಕ್ಕದಲ್ಲಿ ಮಾರಾಟ, ಬೆಲೆ ಚಿನ್ನಕ್ಕಿಂತ ಜಾಸ್ತಿ. ತಮಾಷೆ ಅಂದ್ರೆ ಒಂದು ಚದರ ಮೀಟರ್‌ಗೆ 100 ನ್ಯಾನೋಮೀಟರ್ ಪದರ ಹಾಕೋಕೆ ಬೇಕಾಗಿರೋದು ಸುಮಾರು 0.12 ಗ್ರಾಂ ಮಾತ್ರ. ವ್ಯರ್ಥ ಮಾಡದ ವಿಧಾನ ಇದ್ರೆ ಬೆಲೆ ಅಷ್ಟೇನೂ ಹೆದರಿಸಲ್ಲ.

ಆದ್ರೆ ದೊಡ್ಡ ವ್ಯತ್ಯಾಸ ಇರೋದು ಒಣಗೋದರಲ್ಲಿ. ಮುಖ್ಯ ಪದರದಲ್ಲಿ ಎರಡು ವಸ್ತು ಬೆರೆತಿರುತ್ತವೆ. ಒಂದು ಎಲೆಕ್ಟ್ರಾನ್ ಕೊಡುತ್ತೆ, ಇನ್ನೊಂದು ತಗೊಳ್ಳುತ್ತೆ. ಬೆಳಕು ಬಿದ್ದಾಗ ಹುಟ್ಟುವ ಎಲೆಕ್ಟ್ರಾನ್-ಹೋಲ್ ಜೋಡಿಗೆ ಹತ್ತಿಪ್ಪತ್ತು ನ್ಯಾನೋಮೀಟರ್ ನಡೆಯೋದರೊಳಗೆ ಎರಡರ ಗಡಿ ಸಿಗಬೇಕು, ಇಲ್ಲಾಂದ್ರೆ ಸತ್ತುಹೋಗುತ್ತೆ. ಕೋಡಕ್‌ನಲ್ಲಿ ಟ್ಯಾಂಗ್ 1986ರಲ್ಲಿ ಎರಡೂ ವಸ್ತುಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟಾಗ ಶೇ. 1ರ ಆಸುಪಾಸು ಸಿಕ್ಕಿದ್ದು ಅದಕ್ಕೇ. 1995ರಲ್ಲಿ ಹೀಗರ್ ಅವರ ತಂಡ ಎರಡನ್ನೂ ಬೆರೆಸಿಬಿಟ್ಟಿತು. ಗಡಿ ಎಲ್ಲೆಲ್ಲೂ ಸಿಗುವ ಹಾಗಾಯಿತು.

ಈಗ ಆ ಬೆರಕೆ ಎಷ್ಟು ಸಣ್ಣದಾಗಿ, ಎಷ್ಟು ಹದವಾಗಿ ಬೇರ್ಪಡುತ್ತೆ ಅನ್ನೋದು ಒಣಗುವ ವೇಗದ ಮೇಲೆ ನಿಂತಿದೆ. ತಿರುಗಿಸುವಾಗ ಕೆಲವೇ ಸೆಕೆಂಡಿನಲ್ಲಿ ಒಣಗುತ್ತೆ. ಸ್ಲಾಟ್-ಡೈನಲ್ಲಿ 6 ಮೈಕ್ರಾನ್ ಹಸಿ ಪದರ ನಿಧಾನವಾಗಿ ಒಣಗುತ್ತಾ ಹೋಗುತ್ತೆ. ಅಷ್ಟರಲ್ಲಿ ಒಂದು ವಸ್ತು ಗಂಟುಗಂಟಾಗಿ ಹರಳುಗಟ್ಟಿರುತ್ತೆ. ಇಂಕು ಅದೇ, ದಪ್ಪ ಅದೇ, ಸೆಲ್ ಮಾತ್ರ ಬೇರೆ. ಅದಕ್ಕೇ ಫಿಲ್ಮ್ ಕೆಳಗಿನಿಂದ ಬಿಸಿ ಮಾಡ್ತಾರೆ, ಡೈ ಹಿಂದೆಯೇ ಏರ್ ನೈಫ್ ಇಟ್ಟು ಗಾಳಿ ಊದ್ತಾರೆ.

ಪೀಣ್ಯ_ಗ್ರೇವಿಯರ್

ಏರ್ ನೈಫ್ ನಮ್ಮಲ್ಲೂ ಇದೆ. ಡ್ರೈಯಿಂಗ್ ನಮಗೆ ಯಾರೂ ಕಲಿಸಬೇಕಾಗಿಲ್ಲ 😀 ಆದ್ರೆ ನಾವು ನೋಡೋದು ರಿವೈಂಡ್‌ನಲ್ಲಿ ಅಂಟದಿದ್ರೆ ಸಾಕು, ವಾಸನೆ ಉಳಿಯದಿದ್ರೆ ಸಾಕು ಅಂತ. ಸಾಲ್ವೆಂಟ್ ಯಾವುದು? ನಮ್ಮದು ಇಥೈಲ್ ಅಸಿಟೇಟ್, ಟೊಲ್ವಿನ್.

ಎರ್ಲಾಂಗನ್_ಕನ್ನಡಿಗ

ಸಾಲ್ವೆಂಟ್ ವಿಷಯ ಬಂತಲ್ಲ, ನಾನೊಂದು ಮಾತು ಸೇರಿಸ್ತೀನಿ. ನಾನು ಜರ್ಮನಿಯ ಎರ್ಲಾಂಗನ್‌ನಲ್ಲಿದ್ದೇನೆ. ಇಲ್ಲಿನ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಬ್ರಾಬೆಕ್ ಅವರ ತಂಡ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು. ನಾನು ಆ ಲ್ಯಾಬಿನವನಲ್ಲ, ಆದ್ರೆ ಪಕ್ಕದ ಕೆಲಸ.

ಲ್ಯಾಬ್ ದಾಖಲೆಗಳು ಬಹಳಷ್ಟು ಕ್ಲೋರೋಫಾರ್ಮ್‌ನಲ್ಲಿ ಮಾಡಿದ್ದು. ಅದು 61 ಡಿಗ್ರಿಗೇ ಕುದಿಯುತ್ತೆ. ಬೇಗ ಒಣಗುತ್ತೆ, ಅದಕ್ಕೇ ಸೆಲ್ ಚೆನ್ನಾಗಿ ಬರುತ್ತೆ. ಆದ್ರೆ ಕಾರ್ಖಾನೆಯಲ್ಲಿ ಲೀಟರ್‌ಗಟ್ಟಲೆ ಕ್ಲೋರೋಫಾರ್ಮ್ ಆವಿ ಬಿಟ್ಟುಕೊಂಡು ಯಾರು ನಿಲ್ತಾರೆ? ಡೈ ತುಟಿಯಲ್ಲೇ ಒಣಗಿ ಕಟ್ಟಿಕೊಳ್ಳೋದು ಬೇರೆ. ಅದಕ್ಕೆ ಆರ್ಥೋ-ಕ್ಸೈಲೀನ್ ಕಡೆ ಹೋಗ್ತಾರೆ. 144 ಡಿಗ್ರಿಗೆ ಕುದಿಯುತ್ತೆ, ಕ್ಲೋರಿನ್ ಇಲ್ಲ, ಪ್ರಿಂಟಿಂಗ್ ಕಾರ್ಖಾನೆಗೆ ಒಗ್ಗುವಂಥದ್ದು.

ಈಗ ತೊಂದರೆ ಉಲ್ಟಾ. 2019ರಲ್ಲಿ ಚೀನಾದ ಚಾಂಗ್ಶಾದಲ್ಲಿ ಜೌ ಯಿಂಗ್‌ಪಿಂಗ್ ಅವರ ತಂಡ ವೈ6 ಅನ್ನುವ ಅಣು ಮಾಡಿತು. ಅದನ್ನು ಪಿಎಂ6 ಪಾಲಿಮರ್ ಜೊತೆ ಬೆರೆಸಿದಾಗ ಒಂದೇ ಏಟಿಗೆ ಶೇ. 15.7 ಬಂತು. ಈ ಕ್ಷೇತ್ರ ಮತ್ತೆ ಎದ್ದು ನಿಂತಿದ್ದೇ ಅದರಿಂದ. ಆದ್ರೆ ವೈ6 ಕ್ಸೈಲೀನ್‌ನಲ್ಲಿ ಚೆನ್ನಾಗಿ ಕರಗಲ್ಲ. ಇಂಕು, ಡೈ ಎಲ್ಲಾ ಬಿಸಿ ಇಟ್ಟುಕೊಳ್ಳಬೇಕು. ಇಲ್ಲಾಂದ್ರೆ ಅಣುವಿನ ಪಕ್ಕದ ಸರಪಳಿ ಉದ್ದ ಮಾಡಿ ಕರಗುವ ಹಾಗೆ ಮಾಡಬೇಕು. ಎರಡೂ ದಾರಿ ನಡೀತಿದೆ.

ಸುಲ್ತಾನ್‌ಪೇಟೆ_ಸ್ಕ್ರೀನ್

ನಮಗೂ ಒಂದು ಚಾನ್ಸ್ ಕೊಡಿ ಸ್ವಾಮಿ. ಲಗ್ನಪತ್ರಿಕೆ ಹೊಡೆಯುವ ಸ್ಕ್ರೀನ್ ಪ್ರಿಂಟಿಂಗ್‌ಗೆ ಇಲ್ಲಿ ಕೆಲಸ ಇದೆಯಾ? ಆ ಬೆಳ್ಳಿ ಇಂಕು ಅಂದ್ರಲ್ಲ, ಅದು ನಮ್ಮ ಸಿಲ್ವರ್ ಇಂಕಿನ ಹಾಗಾ?

ತೆಳುಪದರ

ಇದೆ ಅಣ್ಣ, ಖಂಡಿತ ಇದೆ. ನಿಮ್ಮ ಪತ್ರಿಕೆಯ ಸಿಲ್ವರ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಪುಡಿ, ಹೊಳಪಿಗೆ. ಇಲ್ಲಿ ನಿಜವಾದ ಬೆಳ್ಳಿ, ಕರೆಂಟ್ ಹರಿಯೋಕೆ. ಗಟ್ಟಿ ಪೇಸ್ಟ್, ದಪ್ಪ ಗೆರೆ ಬೇಕು ಅಂದ್ರೆ ಸ್ಕ್ರೀನನ್ನು ಮೀರಿಸಿದ್ದು ಇಲ್ಲ. ರೋಲ್ ಮೇಲಾದ್ರೆ ಸ್ಕ್ರೀನನ್ನೇ ಕೊಳವೆ ಮಾಡಿ ಒಳಗೆ ಸ್ಕ್ವೀಜಿ ಇಟ್ಟ ರೋಟರಿ ಸ್ಕ್ರೀನ್.

ಡೆನ್ಮಾರ್ಕ್‌ನಲ್ಲಿ ಫ್ರೆಡರಿಕ್ ಕ್ರೆಬ್ಸ್ ಅವರ ತಂಡ ರಿಸೋ ಕ್ಯಾಂಪಸ್‌ನಲ್ಲಿ ಇದನ್ನೆಲ್ಲಾ ಗಾಳಿಯಲ್ಲೇ, ವ್ಯಾಕ್ಯೂಮ್ ಇಲ್ಲದೇ ರೋಲ್‌ನಿಂದ ರೋಲ್‌ಗೆ ಮಾಡಿ ತೋರಿಸಿತು. ಅವರು ಒಂದೇ ವಿಧಾನಕ್ಕೆ ಅಂಟಿಕೊಳ್ಳಲಿಲ್ಲ, ನನಗೆ ಅದೇ ಇಷ್ಟ ಆಗೋದು. ಮೊದಲು ಫ್ಲೆಕ್ಸೋದಲ್ಲಿ, ಅಂದ್ರೆ ಮೆತ್ತಗಿನ ಉಬ್ಬು ಅಚ್ಚಿನಿಂದ ಹೊಡೆಯುವ ವಿಧಾನದಲ್ಲಿ, ತೆಳು ಬೆಳ್ಳಿ ಜಾಲರಿ. ಅದರ ಮೇಲೆ ರೋಟರಿ ಸ್ಕ್ರೀನ್‌ನಲ್ಲಿ ಪೆಡಾಟ್. ಜಿಂಕ್ ಆಕ್ಸೈಡ್, ಮುಖ್ಯ ಪದರ ಸ್ಲಾಟ್-ಡೈನಲ್ಲಿ. ಕೊನೆಯ ಬೆಳ್ಳಿ ಮತ್ತೆ ಸ್ಕ್ರೀನ್‌ನಲ್ಲಿ. ಕಾರ್ಡಿನ ಅಳತೆಯ ಸೆಲ್‌ಗಳನ್ನು ಕೇಳಿದವರಿಗೆಲ್ಲಾ ಪೋಸ್ಟ್‌ನಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಮರದ ಚೌಕಟ್ಟಿನ ಮೇಲೆ 100 ಮೀಟರ್ ಉದ್ದದ ಪಟ್ಟಿ ಹಾಸಿ ಸೋಲಾರ್ ಪಾರ್ಕ್ ಕೂಡ ಮಾಡಿದರು. ಬೆಳಕಿನಲ್ಲಿ ಕರೆಂಟ್ ಆಗಿದ್ದು ಶೇ. 2ರ ಆಸುಪಾಸು. ಹಳೇ ಕಾಲದ ಪಿ3ಎಚ್‌ಟಿ ಪಾಲಿಮರ್ ಅದು. ಆದ್ರೆ ಮಾಡೋಕಾಗುತ್ತೆ ಅಂತ ಯಾರಿಗೂ ಸಂಶಯ ಉಳಿಯಲಿಲ್ಲ.

ಒಂದು ಎಚ್ಚರ. ಬೆಳ್ಳಿ ಪೇಸ್ಟ್‌ನ ಸಾಲ್ವೆಂಟ್ ಕೆಳಗಿನ ಪದರಕ್ಕೆ ಇಳಿದು ಎಲ್ಲಾ ಹಾಳು ಮಾಡುತ್ತೆ. ಹಾಗಾಗಿ ಪೇಸ್ಟ್ ಆರಿಸೋದೇ ಅರ್ಧ ಕೆಲಸ.

ಸುಲ್ತಾನ್‌ಪೇಟೆ_ಸ್ಕ್ರೀನ್

ಅದೇನು ಹೊಸದಲ್ಲ ಬಿಡಿ. ಕೆಳಗಿನ ಕಲರ್‌ನ ಮೇಲಿನ ಕಲರ್ ತಿನ್ನೋದು ನಮ್ಮಲ್ಲೂ ಇದ್ದದ್ದೇ. ಥ್ಯಾಂಕ್ಸ್ ಮೇಡಂ.

ಪಿಯುಸಿ_ಮೇಷ್ಟ್ರು

ಜಾಲರಿ ಯಾಕೆ ಬೇಕು? ಪಾರದರ್ಶಕ ಎಲೆಕ್ಟ್ರೋಡ್ ಅಂದ್ರೆ ಐಟಿಓ (ಇಂಡಿಯಂ ಟಿನ್ ಆಕ್ಸೈಡ್) ಇದೆಯಲ್ಲ, ಮೊಬೈಲ್ ಸ್ಕ್ರೀನ್‌ನಲ್ಲಿ ಇರುವಂಥದ್ದು?

ಎರ್ಲಾಂಗನ್_ಕನ್ನಡಿಗ

ಮೇಷ್ಟ್ರೇ, ಗಾಜಿನ ಮೇಲೆ ಐಟಿಓ ಪದರದ ರೆಸಿಸ್ಟೆನ್ಸ್ ಚೌಕಕ್ಕೆ 10-15 ಓಮ್ ಸಿಗುತ್ತೆ. ಪಿಇಟಿ ಮೇಲೆ ಬಿಸಿ ಮಾಡೋಕಾಗಲ್ಲ, 50 ಓಮ್ ಹತ್ತಿರ ಇರುತ್ತೆ. ಕರೆಂಟ್ ಸೆಲ್‌ನ ಅಗಲ ದಾಟುವಾಗ ಅಲ್ಲೇ ಕಳೆದುಹೋಗುತ್ತೆ. ಒಳ್ಳೆ ಸೆಲ್ ಚದರ ಸೆಂ.ಮೀ.ಗೆ 25 ಮಿಲಿಆಂಪ್ ಕೊಡುತ್ತೆ, 0.7 ವೋಲ್ಟ್‌ನಲ್ಲಿ. 50 ಓಮ್ ಮೇಲೆ ಸೆಲ್ 1 ಸೆಂ.ಮೀ. ಅಗಲ ಇದ್ದರೆ ಅರ್ಧಕ್ಕಿಂತ ಜಾಸ್ತಿ ಪವರ್ ದಾರಿಯಲ್ಲೇ ಶಾಖವಾಗಿ ಹೋಗುತ್ತೆ. 5 ಮಿ.ಮೀ. ಮಾಡಿದರೆ ಸುಮಾರು ಶೇ. 15. ಅಗಲ ಅರ್ಧ ಆದ್ರೆ ನಷ್ಟ ಕಾಲು ಭಾಗ ಆಗುತ್ತೆ, ನಿಮ್ಮ ಮಕ್ಕಳಿಗೆ ಒಳ್ಳೆ ಲೆಕ್ಕ ಇದು.

ಹಾಗಾಗಿ ಒಂದೇ ದೊಡ್ಡ ಸೆಲ್ ಮಾಡಲ್ಲ. ಸಣ್ಣ ಪಟ್ಟಿಗಳನ್ನು ಮಾಡಿ ಒಂದರ ತಲೆ ಇನ್ನೊಂದರ ಕಾಲಿಗೆ ಜೋಡಿಸ್ತಾರೆ. ಜೋಡಣೆಯ ಜಾಗದಲ್ಲಿ ಕರೆಂಟ್ ಹುಟ್ಟಲ್ಲ. ಪ್ರಿಂಟಿಂಗ್‌ನಲ್ಲಿ 5 ಮಿ.ಮೀ. ಪಟ್ಟಿ, 2 ಮಿ.ಮೀ. ಸಂದಿ ಬಿಟ್ಟರೆ ಏಳರಲ್ಲಿ ಎರಡು ಭಾಗ ಅಲ್ಲೇ ಹೋಯ್ತು. ಶೇ. 10ರ ಸೆಲ್ ಶೇ. 7ರ ಪ್ಯಾನೆಲ್ ಆಯ್ತು. ಎರ್ಲಾಂಗನ್‌ನವರು ಲೇಸರ್‌ನಲ್ಲಿ ಸಂದಿ ಕೊಯ್ದು ಶೇ. 95ಕ್ಕಿಂತ ಜಾಸ್ತಿ ಜಾಗ ಉಳಿಸಿಕೊಂಡರು. 2020ರಲ್ಲಿ 26 ಚದರ ಸೆಂ.ಮೀ. ಮಾಡ್ಯೂಲ್‌ಗೆ ಶೇ. 12.6, ಆಮೇಲೆ 2023ರಲ್ಲಿ ಶೇ. 14.46 ಮುಟ್ಟಿದ್ದರಲ್ಲಿ ಆ ಲೇಸರ್ ಪಾಲು ದೊಡ್ಡದು. ಆದ್ರೆ ಗಾಜಿನ ಮೇಲೆ, ರೋಲ್ ಮೇಲಲ್ಲ.

ತೆಳುಪದರ

ಜಾಲರಿ ಅಂದಾಗ ನಮ್ಮೂರಿನದ್ದೂ ಒಂದು ಹೇಳಬೇಕು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಜಿ.ಯು. ಕುಲಕರ್ಣಿ ಅವರ ತಂಡ ಬಿರುಕಿನಿಂದ ಜಾಲರಿ ಮಾಡುವ ವಿಧಾನ ಕಂಡುಹಿಡಿಯಿತು. ಬಿರುಕು ಬಿಡುವ ಒಂದು ಪದರ ಹಚ್ಚಿ ಒಣಗಿಸ್ತಾರೆ. ಕೆರೆ ತಳ ಒಣಗಿ ಒಡೆದ ಹಾಗೆ ಬಿರುಕು ಬಿಡುತ್ತೆ. ಆ ಬಿರುಕಿನೊಳಗೆ ಲೋಹ ತುಂಬಿ, ಮೇಲಿನ ಪದರ ತೊಳೆದುಬಿಟ್ಟರೆ ಲೋಹದ ಜಾಲ ಉಳಿಯುತ್ತೆ. ಬೆಳಕೂ ಹೋಗುತ್ತೆ, ಕರೆಂಟೂ ಹರಿಯುತ್ತೆ, ಇಂಡಿಯಂ ಬೇಡ. ಅದೇ ಕ್ಯಾಂಪಸ್‌ನಲ್ಲಿ ಕೆ.ಎಸ್. ನಾರಾಯಣ್ ಅವರ ಲ್ಯಾಬ್ ಆರ್ಗಾನಿಕ್ ಸೋಲಾರ್ ಮೇಲೆ ಬಹಳ ವರ್ಷ ಕೆಲಸ ಮಾಡಿದೆ. ರೋಲ್ ಮೇಲೆ ಪ್ರಿಂಟ್ ಮಾಡೋ ಅನುಕೂಲ ನೋಡಬೇಕು ಅಂದ್ರೆ ಐಐಟಿ ಕಾನ್ಪುರದ ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್ ಕೇಂದ್ರ ಇದೆ.

ರೂಫ್‌ಟಾಪ್_ತುಮಕೂರು

ಎಲ್ಲಾ ಓದಿದೆ. ಚೆನ್ನಾಗಿದೆ, ಒಪ್ತೀನಿ. ಆದ್ರೆ ವ್ಯಾಪಾರ? ಅಮೆರಿಕದಲ್ಲಿ ಕೊನಾರ್ಕಾ ಅಂತ ಕಂಪನಿ ಇತ್ತಲ್ಲ, ಪೋಲರಾಯ್ಡ್‌ನ ಹಳೇ ಕಾರ್ಖಾನೆ ಹಿಡಿದು ಇದನ್ನೇ ಮಾಡೋಕೆ ಹೋಗಿ ಮುಳುಗಿತು. ನೊಬೆಲ್ ಬಂದವರು ಜೊತೆಗಿದ್ದೂ.

ತೆಳುಪದರ

ನಿಜ. 2001ರಲ್ಲಿ ಶುರು, ಹೀಗರ್ ಸ್ಥಾಪಕರಲ್ಲಿ ಒಬ್ಬರು, 2008ರಲ್ಲಿ ನ್ಯೂ ಬೆಡ್‌ಫರ್ಡ್ ಕಾರ್ಖಾನೆ, 2012ರಲ್ಲಿ ದಿವಾಳಿ. ಅದೇ ಹೊತ್ತಿಗೆ ಸಿಲಿಕಾನ್ ಬೆಲೆ ಪಾತಾಳಕ್ಕೆ ಇಳಿದಿತ್ತು. ಚಾವಣಿ ಮೇಲೆ ಸಿಲಿಕಾನ್ ಜೊತೆ ಕುಸ್ತಿಗೆ ಇಳಿದವರು ಯಾರೂ ಗೆದ್ದಿಲ್ಲ. ನನ್ನ ಅಭಿಪ್ರಾಯದಲ್ಲಿ ಗೆಲ್ಲೋದೂ ಇಲ್ಲ.

ಈಗ ಬದುಕಿರುವವರು ಬೇರೆ ಅಂಗಳದಲ್ಲಿ ಆಡುತ್ತಿದ್ದಾರೆ. ಸ್ವೀಡನ್‌ನ ಎಪಿಶೈನ್ ಮನೆಯೊಳಗಿನ ಬೆಳಕಿಗೆ ಸಣ್ಣ ಸೆಲ್ ಮಾಡುತ್ತೆ, ಸೆನ್ಸರ್‌ಗೆ ಬ್ಯಾಟರಿ ಬದಲು. ಟ್ಯೂಬ್‌ಲೈಟ್ ಬೆಳಕಲ್ಲಿ ಕರೆಂಟ್ ಕಮ್ಮಿ, ಹಾಗಾಗಿ ಮೇಲೆ ಹೇಳಿದ ಓಮ್ ನಷ್ಟದ ಕಾಟವೂ ಕಮ್ಮಿ. ಪ್ರಿಂಟಿಂಗ್‌ಗೆ ಹೇಳಿ ಮಾಡಿಸಿದ ಜಾಗ ಅದು. ಡ್ರೆಸ್ಡನ್‌ನ ಹೆಲಿಯಾಟೆಕ್ ಭಾರ ತಡೆಯದ ಚಾವಣಿಗೆ ಅಂಟಿಸುವ ಹಾಳೆ ಮಾಡುತ್ತೆ. ಆದ್ರೆ ಅವರು ಪ್ರಿಂಟ್ ಮಾಡಲ್ಲ, ರೋಲ್ ಇಡೀ ವ್ಯಾಕ್ಯೂಮ್‌ನಲ್ಲಿ ಓಡುತ್ತೆ, ವಸ್ತು ಆವಿಯಾಗಿ ಕೂರುತ್ತೆ. ಇಂಕು, ಸಾಲ್ವೆಂಟಿನ ಗೊಡವೆಯೇ ಬೇಡ ಅಂದವರು.

ರೂಫ್‌ಟಾಪ್_ತುಮಕೂರು

ಶೀಟ್ ಚಾವಣಿ ಭಾರ ತಡೆಯಲ್ಲ ಅನ್ನೋದು ಮಾತ್ರ ನಿಜ ಮೇಡಂ. ಇಲ್ಲಿ ಹಳೇ ಗೋಡೌನ್‌ಗಳಲ್ಲಿ ಆರ್ಡರ್ ಕೈಬಿಟ್ಟಿದ್ದು ಇದೇ ಕಾರಣಕ್ಕೆ. ಆದ್ರೂ ಎಷ್ಟು ವರ್ಷ ಬರುತ್ತೆ ಅಂತ ಕೇಳದೇ ಯಾರೂ ದುಡ್ಡು ಬಿಚ್ಚಲ್ಲ.

ಪೀಣ್ಯ_ಗ್ರೇವಿಯರ್

ಬಾಳಿಕೆ ಅಂದ್ರೆ ಬ್ಯಾರಿಯರ್, ನೀರಿನ ಆವಿ, ಗಾಳಿ ತಡೆಯುವ ಪದರ, ಅಲ್ವಾ? ಅದು ನಮ್ಮ ಏರಿಯಾ. ಮೆಟಲೈಸ್ಡ್ ಪಿಇಟಿ ನಾವು ದಿನಾ ಹೊಡೀತೀವಿ. ನೀರಿನ ಆವಿ ದಿನಕ್ಕೆ ಚದರ ಮೀಟರ್‌ಗೆ 1 ಗ್ರಾಂ ಆಸುಪಾಸು ಬಿಡುತ್ತೆ, ಚಿಪ್ಸ್ ಮೆತ್ತಗಾಗಲ್ಲ. ನಿಮಗೆಷ್ಟು ಬೇಕು?

ತೆಳುಪದರ

ಒಂದು ಗ್ರಾಂನ ಸಾವಿರದಲ್ಲಿ ಒಂದು ಭಾಗ. ಇನ್ನೂ ಕಮ್ಮಿ ಆದ್ರೆ ಒಳ್ಳೇದು 🙂 ಜೊತೆಗೆ ಬೆಳಕು ಬೀಳುವ ಕಡೆಯ ಹಾಳೆ ಪಾರದರ್ಶಕ ಇರಬೇಕು, ಹಾಗಾಗಿ ಅಲ್ಯೂಮಿನಿಯಂ ಆಗಲ್ಲ. ಆಕ್ಸೈಡ್ ಪದರಗಳನ್ನು ಒಂದರ ಮೇಲೊಂದು ಹಾಕಿದ ವಿಶೇಷ ಫಿಲ್ಮ್ ಬೇಕು, ಅದು ದುಬಾರಿ. ಮೇಲೆ ಯುವಿ ತಡೆಯುವ ಗುಣವೂ ಬೇಕು. ಜಿಂಕ್ ಆಕ್ಸೈಡ್ ಮೇಲೆ ಯುವಿ ಬಿದ್ದರೆ ಪಕ್ಕದ ವೈ6 ಥರದ ಅಣುಗಳನ್ನು ಒಡೆಯುತ್ತೆ. ಕೆಲವರು ಅದಕ್ಕೇ ಜಿಂಕ್ ಬಿಟ್ಟು ಟಿನ್ ಆಕ್ಸೈಡ್‌ಗೆ ಹೋಗಿದ್ದಾರೆ.

ಪೀಣ್ಯದವರಿಗೆ ನನ್ನ ನೇರ ಉತ್ತರ ಹೇಳ್ತೀನಿ. ಮುಖ್ಯ ಪದರವನ್ನು ನಿಮ್ಮ ಗ್ರೇವಿಯರ್‌ನಲ್ಲಿ ಹೊಡೆಯೋ ಆಸೆ ಬಿಡಿ. ಟ್ರೇ ತುಂಬೋಕೇ ಕಿಲೋಗಟ್ಟಲೆ ಇಂಕು ಬೇಕು, ಅಷ್ಟು ಪಾಲಿಮರ್ ಕೊಳ್ಳೋಕೆ ಕಾರ್ಖಾನೆ ಮಾರಬೇಕಾಗುತ್ತೆ. ಆದ್ರೆ ಟೆನ್ಷನ್ ಹಿಡಿಯೋದು, ರಿಜಿಸ್ಟ್ರೇಷನ್, ಲ್ಯಾಮಿನೇಷನ್ ಇವು ಲ್ಯಾಬ್‌ನವರಿಗೆ ಬರಲ್ಲ, ನಿಮಗೆ ಬರುತ್ತೆ. ಫ್ಲೆಕ್ಸೋದಲ್ಲಿ ಬೆಳ್ಳಿ ಜಾಲರಿ ಹೊಡೆದ ಫಿಲ್ಮ್ ಒಂದೇ ಒಂದು ಒಳ್ಳೆ ಉತ್ಪನ್ನ. ಹೀಟಿಂಗ್ ಫಿಲ್ಮ್, ಸೆನ್ಸರ್‌ಗೂ ಹೋಗುತ್ತೆ, ಸೋಲಾರ್‌ಗಾಗಿಯೇ ಕಾಯಬೇಕಿಲ್ಲ. ಎರಡನೇದು, ಬೇರೆಯವರು ಮಾಡಿದ ಸೆಲ್‌ಗೆ ಬ್ಯಾರಿಯರ್ ಹಾಕಿ ಲ್ಯಾಮಿನೇಟ್ ಮಾಡಿಕೊಡೋದು.

ಪೀಣ್ಯ_ಗ್ರೇವಿಯರ್

ಎರಡನೇದು ಇಷ್ಟ ಆಯ್ತು. ನಮ್ಮ ಸಾಲ್ವೆಂಟ್‌ಲೆಸ್ ಲ್ಯಾಮಿನೇಟರ್‌ನಲ್ಲಿ ಪಾಲಿಯುರೆಥೇನ್ ಅಂಟು. ಲ್ಯಾಮಿನೇಟ್ ಮಾಡಿ, ಕ್ಯೂರಿಂಗ್ ರೂಮ್‌ನಲ್ಲಿಟ್ಟು, ಆಮೇಲೆ ಸ್ಲಿಟ್ಟರ್‌ಗೆ ಹಾಕಿ ಬೇಕಾದ ಅಗಲಕ್ಕೆ ಕತ್ತರಿಸಿ ಕೊಟ್ಟರೆ ಆಯ್ತಲ್ಲ?

ತೆಳುಪದರ

ಅಲ್ಲೇ ಕ್ರಮ ಉಲ್ಟಾ ಮಾಡಬೇಕು ಸರ್. ಲ್ಯಾಮಿನೇಟ್ ಆದ್ಮೇಲೆ ಸೆಲ್ ಮಧ್ಯೆ ಬ್ಲೇಡ್ ಹೋದರೆ ಕತ್ತರಿಸಿದ ಅಂಚಿನಿಂದ ನೀರು, ಆಕ್ಸಿಜನ್ ಒಳಗೆ ನುಗ್ಗುತ್ತೆ. ಬ್ಯಾರಿಯರ್ ಎಷ್ಟು ದುಬಾರಿಯದ್ದಾದರೂ ಅಂಚಿನಿಂದ ಸಾಯುತ್ತೆ. ಮೊದಲು ಸೆಲ್ ಕತ್ತರಿಸಿ, ಸುತ್ತಲೂ 1 ಸೆಂ.ಮೀ. ಬರೀ ಬ್ಯಾರಿಯರ್‌ಗೆ ಬ್ಯಾರಿಯರ್ ಅಂಟುವ ಹಾಗೆ ಜಾಗ ಬಿಟ್ಟು ಲ್ಯಾಮಿನೇಟ್ ಮಾಡಿ. ಆಮೇಲೆ ಆ ಖಾಲಿ ಅಂಚಿನಲ್ಲಿ ಮಾತ್ರ ಕತ್ತರಿ. ಅಂಟು ಯುವಿ ಕ್ಯೂರ್ ಎಪಾಕ್ಸಿ ಅಥವಾ ಪ್ರೆಷರ್ ಸೆನ್ಸಿಟಿವ್ ನೋಡಿ. ಪಾಲಿಯುರೆಥೇನ್ ಕ್ಯೂರ್ ಆಗುವಾಗ ಗುಳ್ಳೆ ಬಿಟ್ಟರೆ ಪ್ಯಾಕೆಟ್‌ಗೆ ಪರವಾಗಿಲ್ಲ, ಇಲ್ಲಿ ಪದರವೇ ಎದ್ದು ಬರುತ್ತೆ.

ಪೀಣ್ಯ_ಗ್ರೇವಿಯರ್

ರೋಲ್‌ನಲ್ಲಿ ಬರೋ ಸೆಲ್‌ನ ನಡುನಡುವೆ 2 ಸೆಂ.ಮೀ. ಖಾಲಿ ಬಿಟ್ಟು ಪ್ರಿಂಟ್ ಮಾಡಿಸಿ, ಪಿಇಟಿಗೆ ಅಲ್ಲಿ ಕಿಟಕಿ ಡೈ-ಕಟ್ ಮಾಡಿ, ಎರಡೂ ಕಡೆ ಬ್ಯಾರಿಯರ್ ಒತ್ತಿದರೆ ರೋಲ್ ಮುರಿಯದೇ ಆಗುತ್ತೆ. ಕತ್ತರಿಸುವ ಜಾಗ ತೋರಿಸುವ ಗುರುತು, ಐ-ಮಾರ್ಕ್, ಒಂದು ಹಾಕಿಸಿ ಕೊಟ್ಟರೆ ಸೆನ್ಸರ್ ಹಿಡಿದುಕೊಳ್ಳುತ್ತೆ.

ತೆಳುಪದರ

ಐ-ಮಾರ್ಕ್ ಹಾಕಿಸ್ತೀನಿ. ನಿಮ್ಮ ಡೈ-ಕಟ್ಟರ್ 125 ಮೈಕ್ರಾನ್ ಪಿಇಟಿ ತಡೆಯುತ್ತಾ, ಅದೊಂದು ನೋಡಿ ಹೇಳಿ. ನೀವು ದಿನಾ ಓಡಿಸೋ 12 ಮೈಕ್ರಾನ್ ಅಲ್ಲ ಇದು.